ಸಹಿ ಹಾಕಿದರೆ ಕೊಟ್ಟಂತೆಯೇ?

*ದಿನದ ಧಮ್ಮ ಚಿಂತನೆ*


ತೋಟ ಕಾರ್ಮಿಕರಾಗಿದ್ದ ಅಜ್ಜಿಯ ಬದುಕಿನಿಂದ ರ‍್ಯಾಪರ್ ಅರಿವು ಬರೆದ ‘ಎಂಜಾಯ್ ಎಂಜಾಮಿ’ ಹಾಡು 2021ರಲ್ಲಿ ಬಂತು. ಅದರಿಂದ ಕಲಾವಿದರಿಗೆ ಒಂದು ರೂಪಾಯಿಯೂ ಸಿಕ್ಕಿಲ್ಲ ಎಂದು ನಿರ್ಮಾಪಕ ಸಂತೋಷ್ ನಾರಾಯಣನ್ 2024ರಲ್ಲಿ ಹೇಳಿದರು. ಚಿನ್ನ ಅಗೆದವರ ಊರು ನಮ್ಮ ಆಂಡರ್ಸನ್‌ಪೇಟೆ. ನಮಗೆ ಈ ಮಾತು ಅರ್ಥವಾಗುತ್ತದೆ.

ಇಂಥ ಕಡೆ ‘ಸಹಿ ಹಾಕಿದ್ದಾರಲ್ಲ’ ಎನ್ನುವವರುಂಟು. ಕೊಡದಿದ್ದನ್ನು ತೆಗೆದುಕೊಳ್ಳಬಾರದು ಎಂಬುದು ಎರಡನೇ ಶೀಲ. ಬೇರೆ ದಾರಿಯಿಲ್ಲದೆ ಹಾಕಿದ ಸಹಿ ಮನಸಾರೆ ಕೊಟ್ಟಂತೆಯೇ? ಅಲ್ಲ ಎನ್ನುತ್ತೇನೆ. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಅದು ನಡೆಯದು ಎಂದು 2012ರ ಕಾಪಿರೈಟ್ ತಿದ್ದುಪಡಿಯೂ ಹೇಳುತ್ತದೆ.

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ದುಡಿಯುವವರಿಗೆ ಊಟ, ಕೂಲಿ ಕೊಡಬೇಕೆಂದರು. ಚಪ್ಪಾಳೆ ಕೂಲಿಯಲ್ಲ. ಬಾಬಾಸಾಹೇಬರ ಜಯಂತಿಗೆ ಬರುವ ಹಾಡುಗಾರರನ್ನು, ತಮಟೆಯವರನ್ನು ‘ನಮ್ಮವರೇ’ ಎಂದು ಬರಿಗೈಲಿ ಕಳಿಸದಿರೋಣ.

ಸಾಧು ಸಾಧು ಸಾಧು 🙏