ದಾನ ಮುಟ್ಟಿತೆಂದು ಹೇಳುವವರು ಯಾರು?

ಅಕ್ಕಲಕೋಟದ ಅನ್ನಛತ್ರದಲ್ಲಿ ಊಟಕ್ಕೆ ದುಡ್ಡು ಕೇಳುವುದಿಲ್ಲ. ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಸ್ಥರಾದ ಈ ಊರಿನಲ್ಲಿ ಒಬ್ಬ ಭಕ್ತರ ತಟ್ಟೆ ತುಂಬುವುದು ಇನ್ನೊಬ್ಬ ಭಕ್ತರ ಕಾಣಿಕೆಯಿಂದ. ಕಾಣಿಕೆ ಈಗ ಹುಂಡಿಗಷ್ಟೇ ಬೀಳುವುದಿಲ್ಲ, ಮೊಬೈಲಿನಿಂದಲೂ ಹೋಗುತ್ತದೆ. ಹಾಗಾಗಿ ಧರ್ಮಶಾಸ್ತ್ರದ ಹಳೆಯ ಪ್ರಶ್ನೆಯೊಂದು ಪ್ರೋಗ್ರಾಮರುಗಳ ಮುಂದೆ ಬಂದು ನಿಂತಿದೆ: ಕೊಟ್ಟವರ ಕೈಬಿಟ್ಟು, ಪಡೆದವರ ಲೆಕ್ಕಕ್ಕೆ ಸೇರದ ಹಣ ದಾನವೇ?

ಸೊಲ್ಲಾಪುರದ ಅಜ್ಜಿಯೊಬ್ಬರು ಯಾವುದೋ ಮಠದ ಅನ್ನದಾನಕ್ಕೆ 501 ರೂಪಾಯಿ ಕಳಿಸಿದರೆನ್ನಿ. ಹಣ ಕಟ್ಟಾದ ಮೆಸೇಜ್ ಬಂತು. ಮಠದ ನೋಡ್ ಜೆಎಸ್ ಸರ್ವರ್ ಅದನ್ನು ಡೇಟಾಬೇಸಿಗೆ ಬರೆದು, ಬರೆದದ್ದನ್ನು ಕಾಯಂ ಮಾಡಲು ಕಮಿಟ್ ಆಜ್ಞೆ ಕಳಿಸಿತು. ಅಷ್ಟರಲ್ಲಿ ಕನೆಕ್ಷನ್ ಕಡಿಯಿತು. ಆಜ್ಞೆ ತಲುಪುವ ಮೊದಲೇ ಕಡಿದಿರಬಹುದು. ಡೇಟಾಬೇಸ್ ಎಲ್ಲ ಬರೆದುಕೊಂಡು ಉತ್ತರ ಕಳಿಸುವಾಗಲೂ ಕಡಿದಿರಬಹುದು. ಸರ್ವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಸಂದೇಶ ಕಳೆದುಹೋಗಬಹುದಾದ ದಾರಿಯಲ್ಲಿ ಎಷ್ಟು ಸಲ ಓಲೆ ಕಳಿಸಿದರೂ ಎರಡು ಕಡೆಯವರಿಗೂ ಪೂರ್ಣ ಖಾತ್ರಿ ಸಿಗದು ಎಂಬುದನ್ನು ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲೇ ತೋರಿಸಿದ್ದಾರೆ. 1978ರಲ್ಲಿ ಜಿಮ್ ಗ್ರೇ ಅದಕ್ಕೆ ಇಬ್ಬರು ಸೇನಾಪತಿಗಳ ಸಮಸ್ಯೆ ಎಂದು ಹೆಸರಿಟ್ಟರು.

ದಾನ ಯಾವಾಗ ಪೂರ್ತಿಯಾಗುತ್ತದೆ ಎಂಬುದಕ್ಕೆ ಧರ್ಮಶಾಸ್ತ್ರದಲ್ಲೂ ಎರಡು ಉತ್ತರಗಳಿವೆ. ಸೊಲ್ಲಾಪುರದಿಂದ ಬಹಳ ದೂರವೇನಲ್ಲದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದ. ತನ್ನ ಹಕ್ಕು ಬಿಟ್ಟರಷ್ಟೇ ಸಾಲದು, ಪಡೆಯುವವನು ಸ್ವೀಕರಿಸಿದಾಗಲೇ ದಾನ ಪೂರ್ತಿಯಾಗುತ್ತದೆ ಎಂಬುದು ಅವನ ನಿಲುವು. ಆ ಸ್ವೀಕಾರ ಮನಸ್ಸಿನದಾಗಬಹುದು, ಮಾತಿನದಾಗಬಹುದು, ಕೈಯದಾಗಬಹುದು. ಬಂಗಾಳದ ಜೀಮೂತವಾಹನ ‘ದಾಯಭಾಗ’ದಲ್ಲಿ ಇದನ್ನು ಒಪ್ಪಲಿಲ್ಲ, ಕೊಡುವವನು ತ್ಯಾಗ ಮಾಡಿದ ಕ್ಷಣದಲ್ಲೇ ದಾನ ಆಯಿತು ಎಂದ.

ಅಜ್ಜಿಯ ಮಟ್ಟಿಗೆ ಜೀಮೂತವಾಹನನ ಮಾತೇ ಸರಿ. ಅವರು ಕೊಟ್ಟಾಗಿದೆ; ತಂತಿ ಕಡಿದರೆ ಅವರ ಪುಣ್ಯ ಕಡಿಯದು. ಆದರೆ ಮಠದ ಖಾತೆಪುಸ್ತಕಕ್ಕೆ ವಿಜ್ಞಾನೇಶ್ವರನೇ ಬೇಕು. ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿ, 68 ಲಿಂಗಗಳನ್ನು ಸ್ಥಾಪಿಸಿದ ಶರಣ ಸಿದ್ಧರಾಮನನ್ನು ಅಲ್ಲಮಪ್ರಭು ಕೆಣಕಿದ್ದು ‘ನಾನು ಮಾಡಿದೆ’ ಎಂಬ ಅಭಿಮಾನದ ಕುರಿತು, ಪಡೆದವರ ಲೆಕ್ಕದ ಕುರಿತಲ್ಲ. ಕೊಟ್ಟವರು ಲೆಕ್ಕ ಮರೆತರೆ ಅದು ವೈರಾಗ್ಯ. ಪಡೆದವರು ಮರೆತರೆ ಅನ್ಯಾಯ.

ಈ ಅನ್ಯಾಯ ತಪ್ಪಿಸುವುದು ಕಷ್ಟವೇನಲ್ಲ. ಹಣ ಕೇಳುವ ಮೊದಲೇ ಆ ಕಾಣಿಕೆಗೊಂದು ನಂಬರ್ ಕೊಟ್ಟು, ‘ಬಾಕಿ’ ಎಂದು ಬರೆದಿಡಬೇಕು. ಒಂದು ನಂಬರ್ ಎರಡು ಸಲ ದಾಖಲಾಗದಂತೆ ಡೇಟಾಬೇಸಿನಲ್ಲೇ ಯುನಿಕ್ ನಿರ್ಬಂಧ ಹಾಕಬೇಕು. ಆಗ ಕನೆಕ್ಷನ್ ಮರಳಿದ ಮೇಲೆ ಸರ್ವರ್ ಅದೇ ನಂಬರಿನಲ್ಲಿ ಹತ್ತು ಸಲ ಬರೆಯಲು ಹೋದರೂ ದಾನ ಒಂದೇ ಆಗಿರುತ್ತದೆ. ನಂಬರಿಲ್ಲದೆ ಮತ್ತೆ ಬರೆಯುವುದು ಮಾತ್ರ ಅಪಾಯ.

ಕಡಿತ ಅಪರೂಪದ್ದೂ ಅಲ್ಲ. ಎಂಟು ಗಂಟೆ, ಅಂದರೆ 28,800 ಸೆಕೆಂಡ್ ಸುಮ್ಮನಿದ್ದ ಕನೆಕ್ಷನ್ನನ್ನು ಮೈಎಸ್‌ಕ್ಯೂಎಲ್ ಡೇಟಾಬೇಸ್ ತಾನಾಗಿಯೇ ಮುಚ್ಚುತ್ತದೆ. ಬದಲಿಸದಿದ್ದರೆ ಅದೇ ಅದರ ನಿಯಮ. ರಾತ್ರಿಯಿಡೀ ಯಾರೂ ಬಾರದ ಸರ್ವರ್ ಸತ್ತ ಕನೆಕ್ಷನ್ ಹಿಡಿದುಕೊಂಡೇ ಕೂತಿದ್ದರೆ, ಬೆಳಗಿನ ಕಾಕಡ ಆರತಿ ಹೊತ್ತಿಗೆ ಬಂದ ಮೊದಲ ಭಕ್ತರಿಗೇ ಪೆಟ್ಟು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ಕನೆಕ್ಷನ್ ಪೂಲಿನ, ಅಂದರೆ ತೆರೆದಿಟ್ಟ ಕನೆಕ್ಷನ್‌ಗಳ ಗುಂಪಿನ, ಎರರ್ ಘಟನೆಗೆ ಕಿವಿಗೊಡುವ ಒಂದು ಸಾಲು ಬರೆಯದಿದ್ದರೆ, ಸುಮ್ಮನಿದ್ದ ಒಂದು ಕನೆಕ್ಷನ್ ಕಡಿದದ್ದಕ್ಕೆ ಇಡೀ ನೋಡ್ ಪ್ರಕ್ರಿಯೆಯೇ ನಿಂತುಹೋಗುತ್ತದೆ. ಮರುಯತ್ನವೂ ಒಂದೇ ಸಮ ಆಗಬಾರದು. ಪ್ರತಿ ಸಲ ಅಂತರ ಹೆಚ್ಚಿಸುತ್ತ ಹೋಗಬೇಕು.

ಬ್ಯಾಂಕುಗಳಿಗಾದರೆ ಗಡುವಿದೆ. ಯುಪಿಐನಲ್ಲಿ ಕಳಿಸಿದ ಹಣ ಖಾತೆಯಿಂದ ಹೋಗಿ ಪಡೆಯುವವರಿಗೆ ಜಮೆಯಾಗದಿದ್ದರೆ ಮರುದಿನದೊಳಗೆ ಹಿಂತಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲಿ ಹೇಳಿದೆ. ಹಣ ಮಠಕ್ಕೆ ಮುಟ್ಟಿಯೂ ಮಠದ ಪುಸ್ತಕಕ್ಕೆ ಏರದಿದ್ದರೆ ಹೊಣೆ ಪುಸ್ತಕ ಇಟ್ಟವರದ್ದೇ.

ಪುಣೆ, ಬೆಂಗಳೂರುಗಳಲ್ಲಿ ಕೂತು ತಮ್ಮೂರ ಗುಡಿಗೆ, ಮಠಕ್ಕೆ ಸೇವೆಯೆಂದು ಕೋಡ್ ಬರೆದುಕೊಡುವ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಕನೆಕ್ಷನ್ ಕಡಿದಾಗ ‘ವಿಫಲ, ಮತ್ತೆ ಪ್ರಯತ್ನಿಸಿ’ ಎಂದು ಪರದೆಯ ಮೇಲೆ ತೋರಿಸಬೇಡಿ. ಅದು ನಿಮಗೆ ಗೊತ್ತಿಲ್ಲದ ಸಂಗತಿ. ‘ಪರಿಶೀಲಿಸುತ್ತಿದ್ದೇವೆ, ಮತ್ತೆ ಹಣ ಕಟ್ಟಬೇಡಿ, ನಿಮ್ಮ ನಂಬರ್ ಇದು’ ಎಂದು ಬರೆಯಿರಿ. ಅಕ್ಕಲಕೋಟ ಸೀಮೆಯಲ್ಲಿ ಅದನ್ನು ಮರಾಠಿಯ ಜೊತೆ ಕನ್ನಡದಲ್ಲೂ ಬರೆಯಿರಿ.