ಗ್ಯಾರೇಜಿನ ತಪ್ಪಿನಿಂದಾದ ಸಾವು: ಹೊಣೆ ಯಾರದು?

ರಿಪೇರಿಗೆ ಬಂದ ವಾಹನವನ್ನು ಗ್ಯಾರೇಜಿನ ಹುಡುಗ ಟ್ರಯಲ್ ನೋಡಲು ಓಡಿಸುವಾಗ ದಾರಿಹೋಕನೊಬ್ಬ ಸಾಯಬಹುದು. ಅಥವಾ ಅವನು ಸರಿಯಾಗಿ ಬಿಗಿಮಾಡದೆ ಬಿಟ್ಟ ವೀಲ್ ನಟ್ ಮರುದಿನ ಹೆದ್ದಾರಿಯಲ್ಲಿ ಕಳಚಿ ಪ್ರಯಾಣಿಕರು ಸಾಯಬಹುದು. ಇಂಥ ಸಾವಿನಿಂದ ಶಿಕ್ಷೆ, ಪರಿಹಾರ, ಪಾಪ ಎಂಬ ಮೂರು ಬಗೆಯ ಹೊಣೆ ಹುಟ್ಟುತ್ತದೆ. ಮೊದಲ ಎರಡನ್ನು ಕಾನೂನು ತೀರ್ಮಾನಿಸುತ್ತದೆ, ಮೂರನೆಯದು ಧರ್ಮದ ಪ್ರಶ್ನೆ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಬೇರುಬಿಟ್ಟ ಪರಂಪರೆಗಳು ಈ ಪ್ರಶ್ನೆಯನ್ನು ಬೇರೆ ಬೇರೆ ದಾರಿಯಲ್ಲಿ ಬಿಡಿಸಿವೆ. ಹಣದ ಹೊಣೆಯನ್ನು ಇನ್ನೊಬ್ಬರು ಹೊರಬಹುದು, ಪಾಪವನ್ನು ಹೊರಲಾಗದು ಎಂಬಲ್ಲಿ ಅವು ಬಹುಮಟ್ಟಿಗೆ ಕೂಡುತ್ತವೆ.

ಕಾನೂನಿನಲ್ಲಿ ಶಿಕ್ಷೆ ವೈಯಕ್ತಿಕ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನ ಪ್ರಕಾರ, ದುಡುಕಿನ ಅಥವಾ ನಿರ್ಲಕ್ಷ್ಯದ ಕೃತ್ಯದಿಂದ ಸಾವು ತಂದವನಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಹಿಂದಿನ ದಂಡ ಸಂಹಿತೆಯ 304ಎ ಕಲಮಿನಲ್ಲಿ ಈ ಮಿತಿ ಎರಡು ವರ್ಷವಿತ್ತು. ತಪ್ಪಿಗೂ ಸಾವಿಗೂ ನೇರ ಕೊಂಡಿ ಇರಬೇಕೆಂಬುದು ಇಲ್ಲಿ ಮುಖ್ಯ. ಬಣ್ಣದ ಕಾರ್ಖಾನೆಯೊಂದರಲ್ಲಿ ಕಾದ ಬಿಟುಮೆನ್ ಆರುವ ಮೊದಲೇ ಕೆಲಸಗಾರನೊಬ್ಬ ಟರ್ಪೆಂಟೈನ್ ಸುರಿದಿದ್ದರಿಂದ ಬೆಂಕಿ ಎದ್ದು ಏಳು ಮಂದಿ ಸತ್ತಿದ್ದರು. 1965ರಲ್ಲಿ ವರದಿಯಾದ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾರ್ಖಾನೆಯ ವ್ಯವಸ್ಥಾಪಕನನ್ನು ಸಾವಿನ ಆರೋಪದಿಂದ ಬಿಡುಗಡೆ ಮಾಡಿತು. ಒಲೆಗಳನ್ನು ಆ ಕೋಣೆಯಲ್ಲಿ ಇಡಲು ಬಿಟ್ಟದ್ದು ಅವನ ತಪ್ಪಾದರೂ ಸಾವಿನ ನೇರ ಕಾರಣ ಅದಲ್ಲ ಎಂಬುದು ಕೋರ್ಟಿನ ವಾದ. ಈ ಅಳತೆಯಲ್ಲಿ ನೋಡಿದರೆ, ಟ್ರಯಲ್‌ಗೆ ಹೋಗಿ ಗುದ್ದಿದವನ ಮೇಲೆ ಆರೋಪ ನೇರವಾಗಿ ಬರುತ್ತದೆ. ನಟ್ ಕಳಚಿದ ಪ್ರಕರಣದಲ್ಲಾದರೆ, ಗಾಲಿ ಅಲುಗಾಡುವ ಸದ್ದು ಕೇಳಿಯೂ ಚಾಲಕ ಗಾಡಿ ನಿಲ್ಲಿಸಲಿಲ್ಲವೇ ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

ಪರಿಹಾರದ ಲೆಕ್ಕ ಬೇರೆ. ಕೆಲಸದ ಭಾಗವಾಗಿ ಆಳು ಮಾಡಿದ ತಪ್ಪಿಗೆ ಯಜಮಾನ ಹಣ ತೆರಬೇಕು. ರಿಪೇರಿಗೆ ಬಿಟ್ಟ ಕಾರಿನಿಂದ ಮಹಿಳೆಯೊಬ್ಬರಿಗೆ ಗಾಯವಾದ ಗೋವಾದ ಪ್ರಕರಣದಲ್ಲಿ, ವಾಹನವನ್ನು ಗ್ಯಾರೇಜಿಗೆ ಒಪ್ಪಿಸಿದ್ದೂ ಅದರ ಬಳಕೆಗೆ ಅನುಮತಿ ಕೊಟ್ಟಂತೆಯೇ ಎಂದು 1988ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದ್ದರಿಂದ ವಾಹನದ ವಿಮಾ ಕಂಪನಿ ಹೊಣೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಮೋಟಾರು ವಾಹನ ಕಾಯ್ದೆಯ ಈಗಿನ 164ನೇ ಕಲಮಿನಡಿ ಯಾರ ತಪ್ಪೆಂದು ಸಾಬೀತು ಮಾಡದೆಯೂ ಸತ್ತವನ ಮನೆಯವರು ಐದು ಲಕ್ಷ ರೂಪಾಯಿ ಪಡೆಯಬಹುದು.

ಈ ವಿಂಗಡಣೆಯ ಹಳೆಯ ರೂಪ ಧರ್ಮಶಾಸ್ತ್ರದಲ್ಲಿದೆ. ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರು. ಅದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ. ಎತ್ತಿನ ಮೂಗುದಾರ ಹರಿದು, ನೊಗ ಮುರಿದು ಬಂಡಿ ಯಾರನ್ನಾದರೂ ಗಾಯಗೊಳಿಸಿದರೆ ಒಡೆಯನಿಗೆ ದೋಷವಿಲ್ಲ ಎಂದು ಆ ಸ್ಮೃತಿ ಹೇಳುತ್ತದೆ. ಮನುಸ್ಮೃತಿಯ 8ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಸಾರಥಿ ಪಳಗಿದವನಾದರೆ ದಂಡ ಅವನಿಗೆ, ಪಳಗದವನಾದರೆ ಅವನನ್ನು ನೇಮಿಸಿದ ಒಡೆಯನಿಗೆ ಇನ್ನೂರು ಪಣ. ಕೆಲಸ ಬಾರದವನ ಕೈಗೆ ಹಗ್ಗ ಕೊಟ್ಟದ್ದೇ ಒಡೆಯನ ತಪ್ಪು ಎಂಬ ಈ ವಿಚಾರ, ಕಲಿಯುವ ಹುಡುಗನ ಕೈಗೆ ಕೀಲಿ ಕೊಡುವ ಮಿಸ್ತ್ರಿಗೂ ಅನ್ವಯಿಸುತ್ತದೆ. ಆದರೆ ಅಚ್ಚು, ಗಾಲಿ ಮುರಿದರೆ ಯಾರಿಗೂ ದಂಡವಿಲ್ಲ ಎನ್ನುವಾಗ ಆ ನಿಯಮಗಳು ಗಾಲಿ ಕಟ್ಟಿದವನನ್ನು ಕೇಳುವುದೇ ಇಲ್ಲ. ಇಂದಿನ ಪ್ರಶ್ನೆ ಹುಟ್ಟುವುದು ಅಲ್ಲಿಯೇ.

ಆ ತೆರವನ್ನು ತುಂಬಬಲ್ಲ ಚಿಂತನೆ ಜೈನರಲ್ಲಿದೆ. ಶಿಗ್ಗಾಂವಿ ತಾಲೂಕಿನ ಬಂಕಾಪುರ ಹತ್ತನೆಯ ಶತಮಾನದಲ್ಲಿ ಅಜಿತಸೇನಾಚಾರ್ಯರಿದ್ದ ಜೈನ ವಿದ್ಯಾಕೇಂದ್ರ. ಗಂಗ ದೊರೆ ಮಾರಸಿಂಹ ಸಲ್ಲೇಖನ ಕೈಗೊಂಡದ್ದು ಅಲ್ಲಿಯೇ. ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವೇ ಪ್ರಮಾದ, ಎಂದರೆ ಎಚ್ಚರಗೇಡಿತನ. ನೋಡಿ ನಡೆಯುವವನ ಕಾಲಡಿ ಹುಳು ಸತ್ತರೆ ಕರ್ಮಬಂಧವಿಲ್ಲ, ನೋಡದೆ ನಡೆಯುವವನಿಗೆ ಏನೂ ಸಾಯದಿದ್ದರೂ ದೋಷವುಂಟು ಎಂದು ಜೈನ ಆಚಾರ್ಯರು ವಿವರಿಸುತ್ತಾರೆ. ಬ್ರೇಕಿನ ಪೈಪಿನಲ್ಲಿ ಸೇರಿದ ಗಾಳಿ ತೆಗೆಯದೆ ಗಾಡಿ ಒಪ್ಪಿಸಿದವನ ದೋಷ, ಈ ದೃಷ್ಟಿಯಲ್ಲಿ, ಅಪಘಾತ ಆಗುವ ಮೊದಲೇ ಪೂರ್ತಿಯಾಗಿದೆ. ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂದು ಕರ್ಮ ಮೂರು ಬಗೆ. ಬೇಗ ಮುಗಿಸೆಂದು ಅವಸರ ಮಾಡಿದ ಮಾಲೀಕ ಆಳಿನ ಪಾಪದಲ್ಲಿ ಪಾಲು ಪಡೆಯುವುದಿಲ್ಲ, ತನ್ನದೇ ಪಾಪ ಕಟ್ಟಿಕೊಳ್ಳುತ್ತಾನೆ.

ನವಾಬರು ಆಳಿದ ಸವಣೂರಿನಲ್ಲಿ ಇಸ್ಲಾಮಿನ ಧರ್ಮಶಾಸ್ತ್ರವೂ ನೆಲೆ ಕಂಡಿದೆ. ತಪ್ಪಿ ಆದ ಕೊಲೆಗೆ ಖುರಾನಿನ ನಾಲ್ಕನೆಯ ಅಧ್ಯಾಯ ಎರಡು ಕರ್ತವ್ಯ ವಿಧಿಸುತ್ತದೆ: ಸತ್ತವನ ಮನೆಯವರಿಗೆ ದಿಯತ್ ಎಂಬ ಪರಿಹಾರ, ಮತ್ತು ಕಫ್ಫಾರಾ ಎಂಬ ಪ್ರಾಯಶ್ಚಿತ್ತ. ಫಿಕ್ಹ್ ಎಂಬ ಆ ಧರ್ಮಶಾಸ್ತ್ರದ ಪ್ರಕಾರ ದಿಯತ್ತನ್ನು ಕೊಂದವನ ಕುಲದವರು ಹಂಚಿಕೊಂಡು ತೆರುತ್ತಾರೆ, ಇದು ಇಂದಿನ ವಿಮೆಗೆ ಹತ್ತಿರದ ವ್ಯವಸ್ಥೆ. ಗುಲಾಮನನ್ನು ಬಿಡುಗಡೆ ಮಾಡಲಾಗದವನು ಎರಡು ತಿಂಗಳು ಬಿಡದೆ ಹಿಡಿಯಬೇಕಾದ ಉಪವಾಸವನ್ನು ಮಾತ್ರ ಅವನೇ ಹಿಡಿಯಬೇಕು. ಮನೆಯವರು ಪರಿಹಾರವನ್ನು ಮನ್ನಿಸಿದರೂ ಪ್ರಾಯಶ್ಚಿತ್ತ ಉಳಿಯುತ್ತದೆ.

ಅದೇ ಸವಣೂರಿನಲ್ಲಿ ಉತ್ತರಾದಿ ಮಠದ ಸತ್ಯಬೋಧತೀರ್ಥರ ಬೃಂದಾವನವಿದೆ. ಆ ಮಠದ ಮಾಧ್ವ ಮತದಲ್ಲಿ ಜೀವಾತ್ಮನ ಕರ್ತೃತ್ವ ಹರಿಗೆ ಅಧೀನ, ಆದರೂ ಅದು ನಿಜ. ಇಲ್ಲದಿದ್ದರೆ ಹೀಗೆ ಮಾಡು, ಹಾಗೆ ಮಾಡಬೇಡ ಎಂಬ ಶಾಸ್ತ್ರಕ್ಕೆ ಅರ್ಥವಿರದು. ಇನ್ನೊಬ್ಬರ ಅಧೀನದಲ್ಲಿರುವವನೂ ಕರ್ತನೇ ಆದ್ದರಿಂದ, ಮಾಲೀಕ ಹೇಳಿದಂತೆ ಮಾಡಿದೆ ಎಂಬ ಉತ್ತರದಿಂದ ಕೆಲಸಗಾರನ ಹೊಣೆ ಅಳಿಯುವುದಿಲ್ಲ.

ಹಿರೇಕೆರೂರು ತಾಲೂಕಿನ ಅಬ್ಬಲೂರು ಶಿವಭಕ್ತ ಏಕಾಂತದ ರಾಮಯ್ಯನಿಂದಾಗಿ ಶೈವ ಚರಿತ್ರೆಯಲ್ಲಿ ಹೆಸರಾದದ್ದು. ಶರಣರ ಕಾಯಕ ತತ್ತ್ವದಲ್ಲಿ ಮೇಲು ಕೀಳು ಕೆಲಸಗಳಿಲ್ಲ. ಹಾಗೆಂದ ಮೇಲೆ ನಟ್ ಬಿಗಿಯುವ ಕೈಗೂ ಪೂರ್ಣ ಗೌರವ ಸಲ್ಲುತ್ತದೆ, ಅದರೊಡನೆ ಪೂರ್ಣ ಹೊಣೆಯೂ ಬರುತ್ತದೆ. ಅವನು ಬರೀ ಹೆಲ್ಪರ್ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ.

ಹೀಗೆ ಪರಿಹಾರ ಆಳಿನಿಂದ ಮಾಲೀಕನಿಗೆ, ಅವನಿಂದ ವಿಮಾ ಕಂಪನಿಗೆ ದಾಟುತ್ತದೆ, ಸತ್ತವನ ಮನೆ ನಡೆಯಬೇಕಾದ್ದರಿಂದ ದಾಟುವುದೇ ನ್ಯಾಯ. ದೋಷಕ್ಕೆ ಆ ದಾರಿ ಇಲ್ಲ. ಎಚ್ಚರಗೆಟ್ಟವನಿಗೆ ಎಚ್ಚರಗೆಟ್ಟದ್ದರದು, ಪಳಗದವನನ್ನು ಕಳಿಸಿದವನಿಗೆ ಕಳಿಸಿದ್ದರದು. ವಿಮೆಯ ಹಣ ಸಂದಾಯವಾದ ಮೇಲೂ ಇಬ್ಬರ ಪ್ರಾಯಶ್ಚಿತ್ತವೂ ಬಾಕಿ ಉಳಿಯುತ್ತದೆ.