ಹೋದವರ ಪಾಲು

ಜೊತೆಯಲ್ಲಿ ದುಡಿದವರೊಬ್ಬರು ತೀರಿಕೊಂಡಾಗ ಉಳಿದವರು ಕೆಲಸವನ್ನು ನಿಲ್ಲಿಸಬೇಕೆ, ಮುಂದುವರಿಸಬೇಕೆ? ನಿಲ್ಲಿಸಿದರೆ ಅವರು ಕಟ್ಟಿದ್ದನ್ನು ನಾವೇ ಕೆಡವಿದಂತೆ; ಮುಂದುವರಿಸಿದರೆ ಅವರಿಲ್ಲದೆಯೂ ನಡೆಯುತ್ತದೆಂದು ಸಾರಿದಂತೆ. ಎರಡರಲ್ಲಿಯೂ ದ್ರೋಹದ ಶಂಕೆಯೊಂದು ನಮ್ಮನ್ನು ಕಾಡುತ್ತದೆ. ಇಂಥ ಪ್ರಶ್ನೆಗೆ ಉತ್ತರವನ್ನು ಕಿವಿಗಡಚಿಕ್ಕುವ ಹಾರ್ಡ್ ರಾಕ್ ಸಂಗೀತದಲ್ಲಿ ನಾವು ಅರಸುವುದಿಲ್ಲ. ಆದರೆ ಆ ಸಂಗೀತಗಾರರಿಗೂ ಇದು ಎದುರಾಗಿದೆ.

1980ರಲ್ಲಿ ಎರಡು ಹೆಸರಾಂತ ತಂಡಗಳು ತಮ್ಮವರೊಬ್ಬರನ್ನು ಕಳೆದುಕೊಂಡವು. ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಎಸಿ/ಡಿಸಿ ತಂಡದ ಗಾಯಕ ಬಾನ್ ಸ್ಕಾಟ್ ಲಂಡನ್ನಿನಲ್ಲಿ ತೀರಿಕೊಂಡರು. ತಂಡದವರು ಬ್ರಯನ್ ಜಾನ್ಸನ್ ಎಂಬ ಹೊಸ ಗಾಯಕರನ್ನು ಕರೆತಂದು ಜುಲೈ ತಿಂಗಳಲ್ಲೇ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಮ್ ಹೊರತಂದರು. ಅದರ ಹೊದಿಕೆಯೆಲ್ಲ ಶೋಕದ ಕಪ್ಪು. ಮೊದಲ ಹಾಡಿನ ಆರಂಭಕ್ಕೆ ಗಂಟೆಯ ನಾದ. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೆಡ್ ಜೆಪೆಲಿನ್ ತಂಡದ ಡ್ರಮ್ ವಾದಕ ಜಾನ್ ಬಾನಮ್ ತೀರಿಕೊಂಡರು. ಆ ತಂಡದವರು ಡಿಸೆಂಬರಿನಲ್ಲಿ, ಇನ್ನು ಮೊದಲಿನಂತೆ ಮುಂದುವರಿಯಲಾರೆವೆಂದು ಪ್ರಕಟಿಸಿ ತಂಡವನ್ನೇ ಮುಗಿಸಿದರು.

ನಲವತ್ತು ವರ್ಷಗಳ ಅನಂತರ ಅದೇ ಪ್ರಶ್ನೆ ಎಸಿ/ಡಿಸಿಗೆ ಇನ್ನೂ ಹತ್ತಿರದಿಂದ ಎದುರಾಯಿತು. 1973ರಲ್ಲಿ ಸಿಡ್ನಿಯಲ್ಲಿ ಆ ತಂಡವನ್ನು ಕಟ್ಟಿದವರು ಮಾಲ್ಕಮ್ ಯಂಗ್ ಮತ್ತು ಆಂಗಸ್ ಯಂಗ್ ಎಂಬ ಅಣ್ಣತಮ್ಮಂದಿರು. ಶಾಲಾ ಹುಡುಗನ ಉಡುಪು ತೊಟ್ಟು ವೇದಿಕೆಯ ತುಂಬ ಓಡಾಡುವ ತಮ್ಮ ಎಲ್ಲರ ಕಣ್ಣಿಗೂ ಬೀಳುತ್ತಿದ್ದರು. ಹಿಂದೆ ನಿಂತು ರಿದಮ್ ಗಿಟಾರ್ ನುಡಿಸುವ ಅಣ್ಣ ಹಾಡಿನ ಭಾರ ಹೊರುತ್ತಿದ್ದರು. ಮರೆವಿನ ರೋಗದಿಂದ ಮಾಲ್ಕಮ್ 2014ರಲ್ಲಿ ತಂಡವನ್ನು ಬಿಟ್ಟು, 2017ರ ನವೆಂಬರಿನಲ್ಲಿ ನಿಧನರಾದರು. ಅವರ ಜಾಗಕ್ಕೆ ಇನ್ನೊಬ್ಬ ಸೋದರನ ಮಗ ಸ್ಟೀವಿ ಬಂದರು. 2020ರ ನವೆಂಬರಿನಲ್ಲಿ ‘ಪವರ್ ಅಪ್’ ಆಲ್ಬಮ್ ಹೊರಬಂದಾಗ ಅದರ 12 ಹಾಡುಗಳಿಗೂ ಆಂಗಸ್ ಮತ್ತು ಮಾಲ್ಕಮ್ ಇಬ್ಬರೂ ಕರ್ತೃಗಳೆಂದು ಅಚ್ಚಾಗಿತ್ತು. ಸೋದರರು ಹಿಂದೆ ಕೂಡಿ ಹೊಸೆದು ಬದಿಗಿಟ್ಟಿದ್ದ ರಚನೆಗಳಿಂದ ಹುಟ್ಟಿದ ಹಾಡುಗಳವು.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಬದಿಗಿಟ್ಟದ್ದನ್ನು ಹೊರತೆಗೆಯಲು ಸತ್ತವರ ಒಪ್ಪಿಗೆ ಎಲ್ಲಿಂದ ತರುವುದು? ಸಾಲದೆಂದು ತಿದ್ದಲು ಅವರಿಲ್ಲ. ಅವರ ಹೆಸರಿನಿಂದ ಮಾರಾಟವೂ ಹೆಚ್ಚೀತು. ಈ ಮಾತುಗಳನ್ನು ನಾವು ತಳ್ಳಿಹಾಕಲಾರೆವು. ಆದರೂ ಆ ಹೆಸರನ್ನು ಬಿಟ್ಟು ರಚನೆಯನ್ನಷ್ಟೇ ಬಳಸಿಕೊಂಡಿದ್ದರೆ ಅದನ್ನು ಏನೆಂದು ಕರೆಯುತ್ತಿದ್ದೆವು?

ಆದ್ದರಿಂದ ನಿಲ್ಲಿಸಿದವರೂ ಮುಂದುವರಿಸಿದವರೂ ಒಂದು ವಿಷಯದಲ್ಲಿ ಒಂದೇ ಎಂದು ನಮಗನ್ನಿಸುತ್ತದೆ. ಈ ಜಾಗ ಇಂಥವರದಾಗಿತ್ತು ಎಂಬುದನ್ನು ಇಬ್ಬರೂ ಮುಚ್ಚಿಡಲಿಲ್ಲ. ತಪ್ಪಿರುವುದು ಮೂರನೆಯ ದಾರಿಯಲ್ಲಿ: ಹೋದವರ ಕುರ್ಚಿಯಲ್ಲಿ ಕುಳಿತು, ಅದು ಮೊದಲಿನಿಂದಲೂ ತನ್ನದೇ ಎಂಬಂತೆ ನಡೆದುಕೊಳ್ಳುವುದರಲ್ಲಿ. ಮನೆಯಲ್ಲಾಗಲಿ ಸಂಸ್ಥೆಯಲ್ಲಾಗಲಿ ನಾವು ಸಾಮಾನ್ಯವಾಗಿ ಹಿಡಿಯುವ ದಾರಿ ಇದೇ. ಮುಂದೆ ನಿಂತವರ ಹೆಸರನ್ನಾದರೂ ನೆನೆಯುತ್ತೇವೆ. ಹಿಂದೆ ನಿಂತು ಲಯ ಹಿಡಿದವರನ್ನು ಬೇಗ ಮರೆಯುತ್ತೇವೆ.

ಕೊನೆಯ ಪ್ರವಾಸದ ದಿನಗಳಲ್ಲಿ ಮಾಲ್ಕಮ್ ತಾವೇ ಕಟ್ಟಿದ ಹಾಡುಗಳನ್ನು ಮತ್ತೆ ಕಲಿತು ನುಡಿಸಬೇಕಾಗಿತ್ತಂತೆ. ರೋಗಕ್ಕೆ ಸಿಕ್ಕವರು ಮರೆತರೆ ದೋಷವಿಲ್ಲ. ಅವರ ಪಾಲಿನ ನೆನಪನ್ನು ಉಳಿದವರು ಹೊತ್ತುಕೊಳ್ಳಬೇಕು. ಆರೋಗ್ಯವಾಗಿರುವ ನಾವು ಮರೆತರೆ ಮಾತ್ರ ಅದಕ್ಕೆ ನೆಪವಿಲ್ಲ.